ರೀಸೆಟ್ ಹಾರ್ಡ್ ಆದಮೇಲೆ ಕಾಣದ ಕಮಿಟ್‌ಗಳು
ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ, ಹಳೇ ಸ್ಥಿತಿಗೆ ಮರಳಿಸುವ ರೀಸೆಟ್ ಹಾರ್ಡ್ ಕೊಟ್ಟ ಮೇಲೆ ಮೂರು ಕಮಿಟ್ (ಉಳಿಸಿಟ್ಟ ಬದಲಾವಣೆ) ಕಾಣ್ತಿಲ್ಲ ಅಂದಿದ್ದೀರಿ ಅಲ್ವಾ, ಅವು ಅಳಿಸಿ ಹೋಗಿರಲಿಕ್ಕಿಲ್ಲ. ಬ್ರಾಂಚ್‌ನ (ಕಮಿಟ್‌ಗಳ ಸಾಲಿನ) ತುದಿ ಹಿಂದಕ್ಕೆ ಸರಿದಿದೆ ಅಷ್ಟೇ, ಅದಕ್ಕೇ ಕಮಿಟ್ ಪಟ್ಟಿ ತೋರಿಸುವ ಗಿಟ್ ಲಾಗ್‌ನಲ್ಲಿ ಬರುತ್ತಿಲ್ಲ. ಆದರೆ ಗಾಬರಿಯಲ್ಲಿ ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡಬೇಡಿ (ಹೊಸ ಪ್ರತಿ ಇಳಿಸಿಕೊಳ್ಳಬೇಡಿ). ಈಗ ಬೇಕಾದ ದಾಖಲೆ ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ.

ಮೊದಲು ಗಿಟ್ ರಿಫ್‌ಲಾಗ್ ಓಡಿಸಿ. ಹೆಡ್ (ನೀವು ಸದ್ಯ ಇರುವ ಕಮಿಟ್‌ನ ಗುರುತು) ಎಲ್ಲೆಲ್ಲಿತ್ತು ಅನ್ನೋದು ಸಾಲಾಗಿ ಬರುತ್ತದೆ, ಹೊಸದು ಮೇಲೆ. 'ರೀಸೆಟ್: ಮೂವಿಂಗ್ ಟು' ಅಂತ ಇರುವ ಸಾಲಿನ ಕೆಳಗಿನದೇ ನಿಮಗೆ ಬೇಕಾದ್ದು, ರೀಸೆಟ್ ಎರಡು ಮೂರು ಸಲ ಕೊಟ್ಟಿದ್ದರೆ ಇನ್ನೂ ಕೆಳಗೆ ಹುಡುಕಬೇಕಾಗಬಹುದು. ಸಾಲಿನ ಮೊದಲಲ್ಲಿರುವ ಚಿಕ್ಕ ಹ್ಯಾಶ್ (ಕಮಿಟ್‌ನ ಗುರುತಿನ ಅಕ್ಷರ-ಅಂಕಿಗಳು) ಕಾಪಿ ಮಾಡಿ, ಗಿಟ್ ಶೋ ಜೊತೆ ಕೊಟ್ಟು ನಿಮ್ಮ ಕೋಡ್ ಹೌದಾ ನೋಡಿ. ಹೌದಾದರೆ ಗಿಟ್ ಬ್ರಾಂಚ್, ಒಂದು ಹೊಸ ಹೆಸರು, ಆಮೇಲೆ ಆ ಹ್ಯಾಶ್ ಟೈಪ್ ಮಾಡಿ, ಆ ಕಮಿಟ್‌ನಿಂದ ಹೊಸ ಬ್ರಾಂಚ್ ಆಗುತ್ತದೆ. ಮತ್ತೊಂದು ರೀಸೆಟ್ ಹಾರ್ಡ್‌ಗಿಂತ ಇದು ಸೇಫ್. ಆಮೇಲೆ ನಿಮ್ಮ ಬ್ರಾಂಚ್‌ಗೆ ಬಂದು ಆ ಹೊಸ ಬ್ರಾಂಚ್ ಅನ್ನು ಮರ್ಜ್ ಮಾಡಿ ಸೇರಿಸಿಕೊಳ್ಳಿ.

ಕಮಿಟ್ ಮಾಡದೇ ಇದ್ದ ಬದಲಾವಣೆಯೂ ಹೋಗಿದೆಯಾ ಅಂತ ನೀವು ಬರೆದಿಲ್ಲ. ಗಿಟ್ ಆ್ಯಡ್ (ಕಮಿಟ್‌ಗೆ ಸಿದ್ಧ ಮಾಡುವ ಹೆಜ್ಜೆ) ಆದರೂ ಆಗಿದ್ದರೆ ಗಿಟ್ ಎಫ್‌ಎಸ್‌ಸಿಕೆ ಆದಮೇಲೆ --ಲಾಸ್ಟ್-ಫೌಂಡ್ ಸೇರಿಸಿ (git fsck --lost-found) ಓಡಿಸಿ. ಡಾಟ್ ಗಿಟ್ (.git) ಒಳಗಿನ ಲಾಸ್ಟ್-ಫೌಂಡ್ ಫೋಲ್ಡರ್‌ಗೆ ಆ ಫೈಲ್‌ಗಳು ಬರುತ್ತವೆ, ಫೈಲ್ ಹೆಸರು ಇರಲ್ಲ, ಒಂದೊಂದೇ ತೆರೆದು ನೋಡುವ ಕೆಲಸ. ಆ್ಯಡ್ ಕೂಡ ಆಗಿಲ್ಲ ಅಂದ್ರೆ ಗಿಟ್ ಹತ್ತಿರ ಏನೂ ಇರಲ್ಲ, ವಿಎಸ್ ಕೋಡ್ ಎಡಿಟರ್ ಬಳಸುತ್ತಿದ್ದರೆ ಅದರ ಟೈಮ್‌ಲೈನ್ ನೋಡಿ, ಸೇವ್ ಮಾಡಿದ ಹಳೇ ಪ್ರತಿಗಳು ಅಲ್ಲಿ ಸಿಗಬಹುದು.

ತಡ ಮಾಡಬೇಡಿ. ಹೀಗೆ ಬಿಟ್ಟುಹೋದ ಕಮಿಟ್‌ಗಳ ರಿಫ್‌ಲಾಗ್ ಸಾಲುಗಳನ್ನು ಗಿಟ್ ಮಾಮೂಲಿಯಾಗಿ 30 ದಿನವಷ್ಟೇ ಇಟ್ಟುಕೊಳ್ಳುತ್ತದೆ.