ಪ್ರತಿ: ಸ್ಥಳೀಯ ಸಂಸ್ಥೆ ಬಜೆಟ್‌ನಲ್ಲಿ ‘ಆಡಳಿತ’ ಖರ್ಚು ಐದು ವರ್ಷದಲ್ಲಿ ಡಬಲ್, ನಿಜವಾಗ್ಲೂ ಸಿಬ್ಬಂದಿ ಜಾಸ್ತಿ ಆಗಿದಾರಾ?

ಡಬಲ್ ಆಗಿರೋದ್ರಲ್ಲಿ ಒಂದು ಪಾಲು ಬರೀ ಲೆಕ್ಕಶೀರ್ಷಿಕೆ ಬದಲಾಗಿದ್ದಕ್ಕೆ ಇರಬಹುದು. ಮೊದಲು ನೀರು, ರಸ್ತೆ ಅಂತ ಬೇರೆ ಬೇರೆ ವಿಭಾಗದಲ್ಲಿದ್ದ ಅಕೌಂಟ್ಸ್, ಕಂಪ್ಯೂಟರ್ ಸಿಬ್ಬಂದಿನ ಒಂದೇ ಕಡೆ ತಂದು ‘ಆಡಳಿತ’ ಅಂತ ಬರೆದುಬಿಟ್ರೆ ಹೊಸಬರು ಒಬ್ಬರೂ ಬರದೇನೇ ಆ ಸಾಲು ಉಬ್ಬುತ್ತೆ.

ಅದಕ್ಕೇ ಮೊದಲು ದುಡ್ಡು ಬಿಟ್ಟು ತಲೆ ಎಣಿಸಿ. ಐದು ವರ್ಷದ ಹಿಂದಿನದು ಮತ್ತೆ ಈಗಿನದು, ಎರಡೂ ಹುದ್ದೆ ಪಟ್ಟಿ ಬರವಣಿಗೆಯಲ್ಲಿ ಕೇಳಿ. ಮಂಜೂರಾದ ಹುದ್ದೆ ಬೇರೆ ಭರ್ತಿಯಾದ ಹುದ್ದೆ ಬೇರೆ, ಇವೆರಡನ್ನ ಕಲಸಿದ್ರೆ ಲೆಕ್ಕ ಕೆಟ್ಟೋಯ್ತು ಅಂತಾನೇ. ಆಮೇಲೆ ಬಜೆಟ್ ಅಂದಾಜು ಬಿಟ್ಟು ಆಡಿಟ್ ಆದ ನಿಜವಾದ ಖರ್ಚು ತಗೊಳಿ, ಅದರಲ್ಲಿ ಬೆಲೆ ಏರಿಕೆ ಕಳೀರಿ, ಪಿಂಚಣಿ ಪಕ್ಕಕ್ಕಿಡಿ.

ತಲೆ ಲೆಕ್ಕ ಅಷ್ಟೇ ಇದೆ ಅಂದ್ರೂ ನಂಬಬೇಡಿ, ಕನ್ಸಲ್ಟೆಂಟ್ ಮತ್ತೆ ಹೊರಗುತ್ತಿಗೆಯವರು ‘ಸೇವೆಗಳು’ ಅನ್ನೋ ಸಾಲಲ್ಲಿ ಅಡಗಿ ಕೂತಿರ್ತಾರೆ, ಅವರು ಸಂಬಳದ ಪಟ್ಟಿಗೇ ಬರಲ್ಲ.

ಇಷ್ಟೆಲ್ಲ ಕಳೆದ ಮೇಲೂ ಏರಿಕೆ ಉಳಿದ್ರೆ ಎರಡು ಸಾಧ್ಯತೆ. ಮೇಲಿನ ಸರ್ಕಾರ ಗ್ರಾಂಟ್ ಜೊತೆ ಹೇರೋ ವರದಿ, ದಾಖಲೆ ಕೆಲಸಕ್ಕೆ ಜನ ಬೇಕಾಗಿರಬಹುದು, ಅದು ತಪ್ಪಲ್ಲ. ಇಲ್ಲಾ ಕಚೇರಿ ತನ್ನಷ್ಟಕ್ಕೆ ತಾನೇ ಬೆಳೀತಿರಬಹುದು. ಕೆಲಸ ಹೆಚ್ಚದಿದ್ರೂ ಕಚೇರಿ ಬೆಳೆಯುತ್ತೆ ಅಂದ ಬ್ರಿಟಿಷ್ ಇತಿಹಾಸಕಾರ ಪಾರ್ಕಿನ್ಸನ್ 1955ರಲ್ಲಿ ಕೊಟ್ಟ ಲೆಕ್ಕ ನೋಡಿ, 1914ರಿಂದ 1928ರೊಳಗೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧಹಡಗು 62ರಿಂದ 20ಕ್ಕೆ ಇಳಿದ್ವು, ಕಚೇರಿ ಅಧಿಕಾರಿಗಳು ಮಾತ್ರ 2000ದಿಂದ 3569ಕ್ಕೆ ಏರಿದ್ರು!

ಯಾವುದು ಅಂತ ಗೊತ್ತಾಗಬೇಕಾದ್ರೆ ಸಭೆಯಲ್ಲಿ ‘ಯಾಕೆ ಇಷ್ಟು ಖರ್ಚು’ ಅಂತ ಕೇಳಬೇಡಿ, ಹಾರಿಕೆ ಉತ್ತರ ಸಿಗುತ್ತೆ. ಒಂದೊಂದು ಹೊಸ ಹುದ್ದೆ ಯಾವ ಆದೇಶದ ಮೇಲೆ, ಯಾವ ಕೆಲಸಕ್ಕೆ ಹುಟ್ಟಿತು ಅಂತ ಪಟ್ಟಿ ಕೇಳಿ.