ಮಳೆಗಾಲ ಬಂತು, ಕಾಲೊರಸು ಒದ್ದೆ

ಪ್ರಶ್ನೆ: ಸುಮಾರು ಐದು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿರುವ ನಾಡತಳಿಯ ಹೆಣ್ಣು ನಾಯಿಯನ್ನು ಮಾರ್ಚ್‌ನಲ್ಲಿ ಆಶ್ರಯಧಾಮದಿಂದ ತಂದೆವು. ಮೂರು ತಿಂಗಳು ಹೊರಗೇ ಮೂತ್ರ ಮಾಡುತ್ತಿದ್ದ ಅದು, ಮಳೆ ಹಿಡಿದ ಮೇಲೆ ನಡುಮನೆಯ ಕಾಲೊರಸಿನ ಮೇಲೆ ಮಾಡತೊಡಗಿದೆ. ಹೊರಗೆ ಕರೆದೊಯ್ದರೆ ಗೇಟಿನ ಬಳಿ ನಿಂತು ಹಿಂದಿರುಗಿ, ಒಳಗೆ ಬಂದ ಹತ್ತು ನಿಮಿಷಕ್ಕೇ ನೆಲ ಒದ್ದೆ ಮಾಡುತ್ತದೆ. ಫಿನಾಯಿಲ್ ಹಾಕಿ ಒರೆಸಿದರೂ ಅದೇ ಜಾಗ. ಮೂತಿಯನ್ನು ಅದರಲ್ಲೇ ಉಜ್ಜಬೇಕೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಪಶುವೈದ್ಯರಿಗೆ ತೋರಿಸಿ. ಕಲಿತ ಅಭ್ಯಾಸವನ್ನು ದೊಡ್ಡ ನಾಯಿ ಏಕಾಏಕಿ ಬಿಟ್ಟರೆ ಮೂತ್ರನಾಳದ ಸೋಂಕು, ಮಧುಮೇಹ, ಮೂತ್ರಪಿಂಡದ ತೊಂದರೆ ಇವೆಯೇ ಎಂದು ನೋಡಲೇಬೇಕು. ಬೆಳಗಿನ ಮೂತ್ರವನ್ನು ಒಂದು ಸೌಟಿನಲ್ಲಿ ಹಿಡಿದು, ಶುಭ್ರವಾದ ಡಬ್ಬಿಗೆ ಹಾಕಿ ಒಂದೆರಡು ಗಂಟೆಯೊಳಗೆ ತಲುಪಿಸಿದರೆ ಪರೀಕ್ಷೆ ಸುಲಭ. ಮಲಗಿ ಎದ್ದ ಜಾಗವೇ ಒದ್ದೆಯಾಗಿದ್ದರೆ ಅದನ್ನೂ ಹೇಳಿ. ಸಂತಾನಹರಣವಾದ ಹೆಣ್ಣು ನಾಯಿಗಳಲ್ಲಿ ಕೆಲವಕ್ಕೆ ನಿದ್ದೆಯಲ್ಲಿ ತಾನಾಗಿಯೇ ಮೂತ್ರ ಸೋರುತ್ತದೆ, ಅದಕ್ಕೆ ಔಷಧವಿದೆ, ತರಬೇತಿಯಿಂದ ಅದು ನಿಲ್ಲುವುದಿಲ್ಲ.

ಆರೋಗ್ಯ ಸರಿಯಿದ್ದರೆ, ನೀವು ಬರೆದ ವಿವರದಲ್ಲೇ ಕಾರಣದ ಸುಳಿವಿದೆ. ಆಶ್ರಯಧಾಮಗಳಲ್ಲಿ ನಾಯಿಗಳು ಸಾಮಾನ್ಯವಾಗಿ ಸೂರಿನಡಿಯ ಸಿಮೆಂಟ್ ನೆಲದ ಮೇಲೆಯೇ ಎಲ್ಲವನ್ನೂ ಮುಗಿಸುತ್ತವೆ. ಹಾಗೆ ಬದುಕಿದ ಪ್ರಾಣಿಗೆ ಸುರಿಯುವ ಮಳೆ, ಕೆಸರು, ಒದ್ದೆ ಹುಲ್ಲು ಹಿಡಿಸದೆ ಹೋದದ್ದು ಆಶ್ಚರ್ಯವಲ್ಲ. ಇನ್ನೊಂದು ಸಂದೇಹವೂ ನನಗಿದೆ: ಮಳೆಯ ಕಾರಣ ನಾಯಿ ಮೂತ್ರ ಮಾಡಿದ ತಕ್ಷಣ ನೀವು ಅದನ್ನು ಒಳಗೆ ಎಳೆದು ತರುತ್ತಿದ್ದೀರೇನೋ? ಹಾಗಾದರೆ ಮೂತ್ರ ಮಾಡಿದರೆ ಸುತ್ತಾಟ ಮುಗಿಯಿತು ಎಂಬ ಪಾಠವನ್ನು ಅದು ಕಲಿತು, ತಡೆದುಕೊಂಡೇ ಮನೆಗೆ ಬರುತ್ತದೆ.

ಆದ್ದರಿಂದ ಎರಡು ಮೂರು ವಾರ ಅದನ್ನು ನಿನ್ನೆ ತಂದ ನಾಯಿಯೆಂದೇ ತಿಳಿಯಿರಿ. ಎದ್ದ ಕೂಡಲೇ, ಊಟವಾದ ಕಾಲು ಗಂಟೆಯ ಮೇಲೆ, ಮಲಗುವ ಮುನ್ನ, ನಡುವೆ ಮೂರು ಗಂಟೆಗೊಮ್ಮೆ, ಹಗ್ಗ ಹಿಡಿದು ಒಂದೇ ಜಾಗಕ್ಕೆ ಕರೆದೊಯ್ಯಿರಿ. ತಗಡಿನ ಚಾವಣಿಯ ಕೆಳಗೆ ಮರಳು ಹರಡಿದ ಮೂಲೆಯೊಂದನ್ನು ಮಾಡಿಕೊಟ್ಟರೆ ಬಹಳ ಅನುಕೂಲ. ಮಾತಾಡದೆ ಹತ್ತು ನಿಮಿಷ ನಿಲ್ಲಿ. ಮುಗಿಸಿದ ಕ್ಷಣದಲ್ಲೇ, ಮನೆಗೆ ಬಂದ ಮೇಲಲ್ಲ, ಬೇಯಿಸಿದ ಕೋಳಿಯ ಚೂರೊಂದನ್ನು ಕೊಟ್ಟು, ಇನ್ನೂ ಐದು ನಿಮಿಷ ಸುತ್ತಾಡಿಸಿ. ಏನೂ ಮಾಡದೆ ಒಳಗೆ ಬಂದರೆ ಹಗ್ಗ ಬಿಚ್ಚದೆ ನಿಮ್ಮ ಪಕ್ಕದಲ್ಲೇ ಇರಿಸಿಕೊಂಡು, ಕಾಲು ಗಂಟೆಯಲ್ಲಿ ಮತ್ತೆ ಹೊರಡಿ.

ಆ ಕಾಲೊರಸನ್ನು ಸದ್ಯಕ್ಕೆ ಎತ್ತಿಡಿ. ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ಮೇಲಾಗಿ ಅದು ಅಂಟಿದ ಪಾದವನ್ನು ನೆಕ್ಕುವುದು ಅಪಾಯ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಎಂಜೈಮ್ ಇರುವ ದ್ರಾವಣವನ್ನು ಸುರಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ.

ಇನ್ನು ಅತ್ತೆಯವರ ಸಲಹೆ. ಅದು ಎಷ್ಟೋ ಮನೆಗಳಲ್ಲಿ ನಡೆದುಬಂದದ್ದೇ, ಆದರೆ ಆಗಿಹೋದ ಕೆಲಸಕ್ಕೂ ಈಗಿನ ಶಿಕ್ಷೆಗೂ ನಂಟು ಕಟ್ಟಲು ನಾಯಿಗೆ ಬಾರದು. ಮನುಷ್ಯರ ಎದುರು ಮೂತ್ರ ಮಾಡಬಾರದು ಎಂದಷ್ಟೇ ಅದು ಅರ್ಥ ಮಾಡಿಕೊಳ್ಳುತ್ತದೆ. ಆಮೇಲೆ ಹಗ್ಗ ಹಿಡಿದು ಹೊರಗೆ ನಿಂತ ನಿಮ್ಮ ಎದುರೂ ಮಾಡದೆ, ಮಂಚದ ಅಡಿ ಹುಡುಕುತ್ತದೆ.