ವಿಂಡೋಸ್ 11 ಹಾಕಿ, ಆದರೆ ಮೊದಲು ಡಿಸ್ಕ್ ಬದಲಿಸಿ

8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಇದೆ, 11 ಹಾಕಲು ಹೋದರೆ 'ಟಿಪಿಎಂ 2.0 (11ಕ್ಕೆ ಬೇಕಾದ ಭದ್ರತಾ ವ್ಯವಸ್ಥೆ) ಇಲ್ಲ' ಅಂತ ಬರ್ತಿದೆ, ವಿಂಡೋಸ್ 10ರಲ್ಲೇ ಇರಲೇ ಎಂದು ಕೇಳಿದ್ದೀರಿ. ಬೇಡ, 11ಕ್ಕೆ ಹೋಗಿ. 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಿಮ್ಮ ಪ್ರೊಸೆಸರ್ 11ಕ್ಕೆ ಸಾಕು.

ಟಿಪಿಎಂ ಬಹುಶಃ ಇದೆ, ಆಫ್ ಆಗಿದೆ ಅಷ್ಟೆ. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್) 'ಇಂಟೆಲ್ ಪಿಟಿಟಿ' (ಇಂಟೆಲ್‌ನದೇ ಟಿಪಿಎಂ) ಆನ್ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಬಯಾಸ್ ಮುಟ್ಟುವ ಮೊದಲೇ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಬೂಟ್ ಆಗುವಾಗ ಅದನ್ನು ಕೇಳಿ ನಿಂತುಬಿಡಬಹುದು.

ಹೆಚ್ಚಿನವರು ಎಡವುವುದು ಇಲ್ಲಿ: 11ಕ್ಕೆ ಬಯಾಸ್‌ನಲ್ಲಿ ಬೂಟ್ ವಿಧಾನ ಹಳೇ 'ಲೆಗಸಿ' ಅಲ್ಲ, ಹೊಸ 'ಯುಇಎಫ್‌ಐ' ಆಗಿರಬೇಕು, ಆದರೆ ಡಿಸ್ಕ್‌ನ ವಿಭಾಗಗಳು ಹಳೇ ಎಂಬಿಆರ್ ಮಾದರಿಯಲ್ಲಿದ್ದಾಗ ಲೆಗಸಿಯಿಂದ ಯುಇಎಫ್‌ಐಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾದರಿ ನೋಡಿ. ಎಂಬಿಆರ್ ಆಗಿದ್ದರೆ ವಿಂಡೋಸ್‌ನಲ್ಲೇ ಇರುವ 'ಎಂಬಿಆರ್2ಜಿಪಿಟಿ' ಸಲಕರಣೆಯಿಂದ ಹೊಸ ಮಾದರಿಯಾದ ಜಿಪಿಟಿಗೆ ಪರಿವರ್ತಿಸಿ, ಆಮೇಲೆ ಯುಇಎಫ್‌ಐ.

ಇದೆಲ್ಲಕ್ಕೂ ಮುಂಚೆ 256 ಜಿಬಿಯದ್ದಾದರೂ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿ ಹಳೇ ಡಿಸ್ಕನ್ನು ಅದಕ್ಕೆ ಕ್ಲೋನ್ (ಇದ್ದಂತೆಯೇ ನಕಲು) ಮಾಡಿ. ಹಾರ್ಡ್ ಡಿಸ್ಕ್ ಮೇಲೆ 11 ತೆವಳುತ್ತದೆ, ರ‍್ಯಾಮ್ ಹೆಚ್ಚಿಸಿದರೂ ಅದು ಸರಿಹೋಗದು. ಹಳೇ ಡಿಸ್ಕನ್ನು ಅಳಿಸದೆ ಬಿಚ್ಚಿಡಿ, ಅದೇ ನಿಮ್ಮ ಬ್ಯಾಕಪ್. 11ರಿಂದ ಹಿಂದಿರುಗುವ 'ಗೋ ಬ್ಯಾಕ್' ಆಯ್ಕೆ ಸಿಗುವುದು ಬರೀ 10 ದಿನ, ಅಷ್ಟರೊಳಗೆ ಪ್ರಿಂಟರ್, ಸ್ಕ್ಯಾನರ್ ಎಲ್ಲ ಓಡಿಸಿ ನೋಡಿ.